ಕಣಜದ ಕೋಣೆಯ ಕೇರೆ

ರಾಗಿ ಬೀಸಿ ಬೀಸಿ ನಮ್ಮತ್ತೆಯ ಬಲಗೈ ಬೆರಳಗಂಟುಗಳು ಅಡಿಕೆಯಷ್ಟು ದಪ್ಪಗಾಗಿದ್ದವು. ಆ ಗಂಟಿನಿಂದಲೇ ಕಣಜದ ಕೋಣೆಯ ಬಾಗಿಲನ್ನು ಎರಡು ಸಲ ಕುಟ್ಟಿ, "ಬತ್ತಾ ಇವ್ನಿ, ಸರ್ಕೊ" ಎಂದು ಹೇಳಿಯೇ ಒಳಗೆ ಕಾಲಿಡುತ್ತಿದ್ದರು. ಒಳಗಿದ್ದದ್ದು ಒಂದು ಕೇರೆಹಾವು. ಅದು ಬಂದುಹೋಗಲೆಂದು ಗೋಡೆಯ ಬುಡದ ತೂತನ್ನು ಮುಚ್ಚಿಸದೆ ಬಿಟ್ಟಿದ್ದರು. ಇಲಿಯ ಸದ್ದು ಕೇಳಿದರೆ, "ನಮ್ ಸೊಸೆ ಅಂಗೆ ನೀನೂ ಬಿದ್ಕಂಡಿದ್ದೀಯಾ?" ಎಂದು ಅದಕ್ಕೂ ನನಗೂ ಒಟ್ಟಿಗೇ ಬೈಗುಳ.

ಚನ್ನರಾಯಪಟ್ಟಣದಿಂದ ಹಳೇಕೋಟೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದೆಲ್ಲ ಹುಚ್ಚಾಗಿ ಕಂಡಿತ್ತು. ಕೇರೆ ಬಾಲದಿಂದ ಬೀಸಿದರೆ ಪೆಟ್ಟು ಬಿದ್ದ ಜಾಗ ಕೊಳೆಯುತ್ತದೆಂದು ಕೇಳಿ ಬೆಳೆದವಳು ನಾನು. ಅತ್ತೆ ನಗುತ್ತಿದ್ದರು. "ಅದ್ಕೆ ಇಸ ಇಲ್ಲ ಕಣವ್ವ. ಇಲಿ ಹಿಡಿಯಾದು ಬುಟ್ರೆ ಇನ್ನೇನೂ ಗೊತ್ತಿಲ್ಲ."

ಎರಡನೇ ಮಹಾಯುದ್ಧದ ವರ್ಷಗಳವು, ಎಲ್ಲೆಲ್ಲೂ ಕಾಳಿನ ಅಭಾವ. ಅತ್ತೆ ಹೊಳೆನರಸೀಪುರದ ಸಂತೆಗೆ ಹೋಗಿದ್ದ ದಿನ ನಾನು ರಾಗಿ ತೆಗೆಯಲು ಹೋದೆ. ಬಾಗಿಲು ಕುಟ್ಟಲಿಲ್ಲ. ಮೊರಕ್ಕೆ ಕೈಹಾಕಿದರೆ ಅದರ ಹಿಂದಿನಿಂದ ಆಳುದ್ದದ ಹಾವು ತಲೆಯೆತ್ತಿತು. ಕೂಗಿಕೊಂಡೆ. ಬೀದಿಯಲ್ಲಿದ್ದ ಗಂಡಸರು ಬಂದು, ಹೊಡೆದು, ತಿಪ್ಪೆಗೆ ಎಸೆದರು.

ನಾಗರಹಾವು ಸತ್ತರೆ ನಮ್ಮವರು ಹಾಲುತುಪ್ಪ ಬಿಟ್ಟು ಸುಡುತ್ತಿದ್ದರು. ಕೇರೆಗೆ ತಿಪ್ಪೆಯೇ ಗತಿ. ಸಂಜೆ ಬಂದ ಅತ್ತೆ ಅದನ್ನು ಎತ್ತಿ ತಂದು, ಬಣವೆಯ ಪಕ್ಕ ಗುಂಡಿ ತೋಡಿ, ಒಂದು ಹಿಡಿ ರಾಗಿ ಹಾಕಿ ಮುಚ್ಚಿದರು. "ನಮ್ಮನೇಲಿ ದುಡ್ದಿದ್ ಜೀವ" ಎಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಎರಡು ತಿಂಗಳೊಳಗೆ ಇಲಿಗಳು ಬಿತ್ತನೆ ರಾಗಿಯ ಮೂಡೆ ಕೊರೆದು ಹೊಟ್ಟು ಮಾತ್ರ ಉಳಿಸಿದವು. ಮಳೆ ಬಿದ್ದು ಹೊಲ ಹದವಾಗಿತ್ತು, ಬಿತ್ತಲು ಕಾಳಿರಲಿಲ್ಲ. ಆ ಅಭಾವದಲ್ಲಿ ಊರೊಳಗೆ ಕೊಡುವವರೂ ಇರಲಿಲ್ಲ. ಮದುವೆಯಾದಾಗಿನಿಂದ ತವರಿನಲ್ಲಿ ಏನನ್ನೂ ಕೇಳದಿದ್ದ ಅತ್ತೆ, ಮಲ್ಲಿಪಟ್ಟಣದ ಅಣ್ಣನ ಮನೆಗೆ ಹೋಗಿ ಬಿತ್ತನೆ ತಂದರು. ಅಲ್ಲಿ ಏನು ಹೇಳಿದರೆಂದು ಕೇಳುವ ಮುಖ ನನಗಿರಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಅತ್ತೆ ತೀರಿಕೊಂಡರು. ತಿಥಿಗೆ ಬಂದಿದ್ದ ಅವರ ಅಣ್ಣನ ಹೆಂಡತಿ ನನ್ನ ಪಕ್ಕ ಕೂತು, "ಬಿತ್ನೆ ಕೇಳಕ್ ಬಂದಾಗ ಕಣ್ಣೀರ್ ಆಕ್ಬುಟ್ಳು ಕಣವ್ವ. ಕೇರೆ ವಡೆಸ್ಬುಟ್ಟೆ, ನಂದೇ ತಪ್ಪು ಅಂದ್ಳು" ಎಂದರು.

"ವಡೆಸಿದ್ದು ನಾನು ಕಣ್ ದೊಡ್ಡವ್ವ" ಎಂದೆ. ಅವರು ನನ್ನ ಮುಖ ನೋಡಿದರು.

ಅಡಿಗೆಗೆ ರಾಗಿ ಬೇಕಿತ್ತು. ಎದ್ದು ಕಣಜದ ಕೋಣೆಗೆ ಹೋದೆ. ತೂತು ಇನ್ನೂ ತೆರೆದೇ ಇತ್ತು, ಬೇರೊಂದು ಕೇರೆ ಸೇರಿಕೊಂಡಿತ್ತು. ಬಾಗಿಲನ್ನು ಎರಡು ಸಲ ಕುಟ್ಟಿದೆ. "ಬತ್ತಾ ಇವ್ನಿ, ಸರ್ಕೊ" ಎಂದು ಹೇಳಿಯೇ ಒಳಗೆ ಕಾಲಿಟ್ಟೆ.