ಹೊತ್ತು ಮುಳುಗುವ ಮುಂಚಿನ ಪರೀಕ್ಷೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಐಗಳಿಯಲ್ಲಿ ಹುಟ್ಟಿ ಬೆಳೆದವನು, ಕಾಗವಾಡ ಕಡೆಯ ಒಂದು ಸಣ್ಣ ಖಾಸಗಿ ಕನ್ನಡ ಶಾಲೆಗೆ ಗಣಿತ ಕಲಿಸಲು ಬಂದೆ. ಆ ವರ್ಷ ಹತ್ತನೇ ತರಗತಿಯಲ್ಲಿ ಇಪ್ಪತ್ತೆರಡೇ ಮಕ್ಕಳು. ಅಷ್ಟು ಸಣ್ಣ ಶಾಲೆಯಲ್ಲಿ ಒಬ್ಬರು ನಪಾಸಾದರೂ ಊರಿಗೆಲ್ಲ ಸುದ್ದಿ. ಮರುವರ್ಷ ನಾಲ್ಕು ಮನೆಯವರು ಮಕ್ಕಳನ್ನು ಇಂಗ್ಲಿಷ್ ಶಾಲೆಯ ಬಸ್ಸಿಗೆ ಹತ್ತಿಸಿಬಿಡುತ್ತಾರೆ. ಹಾಗಾಗಿ ಚಳಿಗಾಲ ಬಂತೆಂದರೆ ಹೆಡ್‌ಮಾಸ್ತರರು ದುರ್ಬಲರ ಪಟ್ಟಿ ಕೇಳುತ್ತಿದ್ದರು. ಪಟ್ಟಿಯಲ್ಲಿ ಹೆಸರಿದ್ದವರ ಮನೆಯವರನ್ನು ಕರೆಸಿ, ‘ಈ ವರ್ಷ ಬ್ಯಾಡ್ರಿ, ಮುಂದಿನ ವರ್ಷ ಬರೀಲಿ’ ಎಂದು ಒಪ್ಪಿಸುವುದು ಅಲ್ಲಿ ನಡೆದು ಬಂದ ರೂಢಿ.

ನನ್ನ ಅಕ್ಷರ ದುಂಡಗಿದೆ ಎಂದು ಮಕ್ಕಳ ಮಾಹಿತಿಯ ತಖ್ತೆ ತುಂಬುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಮನೆಮಾತು, ಧರ್ಮ, ಜಾತಿ, ತಂದೆಯ ಉದ್ಯೋಗ. ಅರ್ಧಕ್ಕರ್ಧ ಮಕ್ಕಳ ಮನೆಮಾತು ಮರಾಠಿ. ಕಬ್ಬಿನ ತೋಟವಿರುವ ಜೈನರ ಮಕ್ಕಳು, ಆ ತೋಟಗಳಲ್ಲೇ ದುಡಿಯುವವರ ಮಕ್ಕಳು, ಒಂದಿಬ್ಬರು ನೌಕರದಾರರ ಮಕ್ಕಳು. ತುಂಬುತ್ತ ತುಂಬುತ್ತ ನನಗೊಂದು ಹುಚ್ಚು ಹತ್ತಿತು. ಪಕ್ಕದಲ್ಲೇ, ಶಾಲೆ ಬಿಟ್ಟ ಮೇಲೆ ನಾನು ಇಡುತ್ತಿದ್ದ ಸಂಜೆ ಪರೀಕ್ಷೆಯ ಅಂಕಗಳನ್ನೂ ಬರೆದುಕೊಂಡೆ. ನೋಡಿದರೆ ಕೂಲಿಯವರ ಮಕ್ಕಳೇ ಮುಂದೆ, ತೋಟದವರ ಮಕ್ಕಳು ಹಿಂದೆ. ಎಲ್ಲರಿಗಿಂತ ಹಿಂದೆ ಮೂರನೇ ಬೆಂಚಿನ ಒಬ್ಬ ಜೈನ ಹುಡುಗಿ. ಉಳ್ಳವರ ಮಕ್ಕಳಿಗೆ ಓದು ಯಾಕೆ ಬೇಕು ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಮಹಾ ಪಂಡಿತನ ಹಾಗೆ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಅಲಕ್ಷ್ಯ’ ಎಂದೂ ಬರೆದೆ.

ಸಂಜೆ ಪರೀಕ್ಷೆ ಐದಕ್ಕೆ ಶುರುವಾಗಿ ಆರೂವರೆಗೆ ಮುಗಿಯುತ್ತಿತ್ತು. ದೊಡ್ಡ ಅಂಕದ ಲೆಕ್ಕಗಳೆಲ್ಲ ಕೊನೆಯ ಪುಟದಲ್ಲಿ. ಈ ಹುಡುಗಿ ಐದೂವರೆ ಆಗುತ್ತಿದ್ದಂತೆ ಕೊನೆಯ ಪುಟವನ್ನು ಖಾಲಿ ಬಿಟ್ಟು, ಪೇಪರು ಕೊಟ್ಟು, ಚೀಲ ಹೆಗಲಿಗೇರಿಸಿ ಓಡುತ್ತಿದ್ದಳು. ಯಾಕೆಂದು ಕೇಳಿದರೆ ನೆಲ ನೋಡುವಳು. ಬಾಯಿ ಬಿಡದಿರುವುದು ಸೊಕ್ಕು ಎಂದುಕೊಂಡೆ. ಶುಕ್ರವಾರ ಪಟ್ಟಿ ಬರೆದೆ. ಅದರಲ್ಲಿ ಒಂದೇ ಹೆಸರಿತ್ತು, ಅವಳದು.

ಪಟ್ಟಿ ಹಿಡಿದು ಹೊರಟವನನ್ನು ಅವಳ ಬೆಂಚಿನ ಗೆಳತಿ ಪಡಸಾಲೆಯಲ್ಲಿ ತಡೆದಳು. ಅವಳು ಬೌದ್ಧರ ಮನೆಯ ಹುಡುಗಿ, ತಾಯಿ ಕಬ್ಬಿನ ಹೊಲದಲ್ಲಿ ಕೂಲಿ. ನನ್ನ ಸಂಜೆ ಪರೀಕ್ಷೆಗಳಲ್ಲಿ ಯಾವಾಗಲೂ ಮೊದಲು ಬರುವವಳು.

“ಸರ್, ಆಕಿಗೆ ಲೆಕ್ಕ ಬರ್ತಾವ್ರಿ. ಹೊತ್ತು ಮುಳುಗೂದ್ರಾಗ ಉಣಬೇಕ್ರಿ ಆಕಿ. ಉಳದ ಜೈನರ ಹುಡುಗ್ರು ಹಂಗ ಪಾಳ್ಸೂದಿಲ್ರಿ, ಆಕಿ ಆಯಿ ಜೋಡಿ ನೇಮ ಹಿಡದಾಳ್ರಿ. ತ್ವಾಟದ ಮನಿ ದೂರ ಐತಿ, ಅದಕ್ಕ ಓಡ್ತಾಳ್ರಿ.”

“ಮತ್ತ ಬಾಯಿಲೆ ಹೇಳಾಕ ಏನಾಗಿತ್ತು ಆಕಿಗೆ?”

“ನೀವ ಅಂದಿದ್ರಲ್ರಿ, ಕಾರಣ ಹೇಳಾವ್ರು ಟೀಸಿ ತಗೊಂಡು ಹೋಗ್ರಿ ಅಂತ.”

ಅಂದಿದ್ದೆ. ಮೊದಲ ದಿನವೇ ಕೂಗಾಡಿ ಅಂದಿದ್ದೆ. ಜೈನರು ಕತ್ತಲಾಗುವ ಮುಂಚೆ ಉಣ್ಣುತ್ತಾರೆಂದು ಅಥಣಿ ಸೀಮೆಯಲ್ಲಿ ಕೂಸಿಗೂ ಗೊತ್ತು. ಧರ್ಮದ ಕಾಲಮ್ಮಿನಲ್ಲಿ ‘ಜೈನ’ ಎಂದು ದುಂಡಗೆ ಬರೆದ ನನಗೆ ಮಾತ್ರ ಅದು ಹೊಳೆದಿರಲಿಲ್ಲ. ಪಟ್ಟಿಯನ್ನು ಮಡಚಿ ಕಿಸೆಗೆ ತುರುಕಿದೆ.

ಮರುದಿನ ಬೈಕು ಹತ್ತಿ ತೋಟದ ಮನೆಗೆ ಹೋದೆ. ಜೈನ ಹುಡುಗಿಯ ಆಯಿ, ಎಂದರೆ ಅಜ್ಜಿ, ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದರು. ನನ್ನ ತಪ್ಪು ಒಪ್ಪಿಕೊಂಡು ಕಷ್ಟ ಹೇಳಿಕೊಂಡೆ: ಶಾಲೆ ಬಿಡುವುದೇ ನಾಲ್ಕೂವರೆಗೆ, ಬೆಳಗ್ಗೆ ಪರೀಕ್ಷೆ ಇಟ್ಟರೆ ಮನೆಗೆಲಸ ಇರುವ ಮಕ್ಕಳು ಬರಲಾರರು. ಅಜ್ಜಿ ಮೊರ ಕೆಳಗಿಟ್ಟರು.

“ಹೊತ್ತು ಯಾರ ಮಾತೂ ಕೇಳೂದಿಲ್ರಿ ಮಾಸ್ತರ. ಊಟಾನ ಸಾಲಿಗೆ ಬರ್ತೈತಿ, ತಗೋರಿ.”

ಸೋಮವಾರ ಅಜ್ಜಿ ಮಗನ ಬೈಕಿನ ಹಿಂದೆ ಕುಳಿತು ದೊಡ್ಡ ಬುಟ್ಟಿಯೊಂದಿಗೆ ಬಂದಿಳಿದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ. ಇಪ್ಪತ್ತೆರಡು ಮಕ್ಕಳಿಗೂ, ನನಗೂ. “ಒಬ್ಬಾಕಿಗೆ ಅಷ್ಟ ಹ್ಯಾಂಗ ತರೂದ್ರಿ?” ಎಂದರು. ಆಮೇಲೆ ಉಳಿದ ತೋಟದ ಮನೆಗಳೂ ಸರದಿ ಹಚ್ಚಿಕೊಂಡವು. ಪರೀಕ್ಷೆ ಇದ್ದ ದಿನ ಐದಕ್ಕೆ ಊಟ, ಐದೂವರೆಗೆ ಲೆಕ್ಕ. ಹೊರಗೆ ಶಿರಗುಪ್ಪಿಯ ಸಕ್ಕರೆ ಕಾರ್ಖಾನೆಯತ್ತ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದರೆ, ಒಳಗೆ ಮಕ್ಕಳು ಕೊನೆಯ ಪುಟ ತುಂಬುತ್ತಿದ್ದರು. ಆ ವರ್ಷ ಹೆಡ್‌ಮಾಸ್ತರರಿಗೆ ನಾನು ಪಟ್ಟಿ ಕೊಡಲೇ ಇಲ್ಲ. ಅವರು ಎರಡು ವಾರ ನನ್ನೊಡನೆ ಮಾತು ಬಿಟ್ಟರು. ಹುಡುಗಿ ಎಲ್ಲರ ಜೊತೆ ಪರೀಕ್ಷೆಗೆ ಕೂತಳು, ಗಣಿತದಲ್ಲಿ ಒಳ್ಳೆಯ ಅಂಕ ತೆಗೆದು ಪಾಸಾದಳು. ಪೇಢೆ ತಂದು ಕೊಟ್ಟಾಗ ನನ್ನ ಕಣ್ಣು ಒದ್ದೆಯಾದದ್ದು ನಿಜ. ಆ ಅಜ್ಜಿಯ ಋಣ ನಾನು ತೀರಿಸಲಾರೆ.

ಅದಕ್ಕಿಂತ ದೊಡ್ಡ ಋಣ ಇನ್ನೊಂದಿದೆ. ಬುಟ್ಟಿ ಬಂದ ಆ ಮೊದಲ ಸೋಮವಾರ, ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದಾಗ, ಬೆಂಚಿನ ಗೆಳತಿ ಮೂರನೆಯ ರೊಟ್ಟಿಗೆ ಕೈ ಚಾಚಿದಳು. ಅಜ್ಜಿ ಪಲ್ಯ ಬಡಿಸುತ್ತ ಕೇಳಿದರು:

“ನೀ ಮನ್ಯಾಗ ಯಾವಾಗ ಉಣ್ತೀಯವಾ?”

“ಅವ್ವ ಹೊಲದಿಂದ ಬಂದು ಒಲಿ ಹಚ್ಚಿದ ಮ್ಯಾಲ್ರಿ, ಆಯಿ. ಒಂಬತ್ತು ಆಕ್ಕೈತ್ರಿ. ಮಧ್ಯಾಹ್ನ ಡಬ್ಬಿ ತರೂದಿಲ್ರಿ ನಾ.”

ಅದೇ ತಖ್ತೆಯಲ್ಲಿ ಅವಳ ಹೆಸರಿನ ಮುಂದೆ ನಾನು ‘ಶ್ರದ್ಧೆ’ ಎಂದು ಬರೆದಿದ್ದೆ. ಗೆಳತಿಯ ಹಸಿವನ್ನು ಹೇಳಲು ಪಡಸಾಲೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದವಳು ತನ್ನ ಹಸಿವಿನ ಬಗ್ಗೆ ತುಟಿ ಪಿಟ್ಟೆನ್ನದೆ ಪ್ರತಿ ಪರೀಕ್ಷೆಯಲ್ಲೂ ಆರೂವರೆಯವರೆಗೆ ಕೂತಿದ್ದಳು.