ತಾನಾಗಿ ಇಳಿದ ದಿಮ್ಮಿ

ದೆವ್ವ ಎಂದರೆ ಧಣಿಗಳಿಗೆ ಬಲು ಪ್ರೀತಿ. ಎಷ್ಟು ತಪ್ಪು ಹೊರಿಸಿದರೂ ಅದು ಎದುರಾಡುವುದಿಲ್ಲ. ಎಣ್ಣೆಯಕ್ಕ ದುಡಿಯುತ್ತಿದ್ದ ಮರದ ಮಿಲ್ಲಿನಲ್ಲೂ ಒಂದಿತ್ತು. ಅವಳ ಗಂಡನದೇ ಅಂತೆ.

ಗಂಡ ಅಲ್ಲಿ ಮರ ಕೊಯ್ಯುತ್ತಿದ್ದ. ಧಣಿ ಚೈನ್ ಗರಗಸಕ್ಕೆ ಲಾರಿಗಳಿಂದ ಬಸಿದ ಹಳೇ ಎಂಜಿನ್ ಆಯಿಲ್ ಹಾಕಿಸಿದ. ನೀರಿನಂಥ ಆ ಎಣ್ಣೆ ಸರಪಳಿಯಲ್ಲಿ ನಿಲ್ಲದೆ ಸಿಡಿದುಹೋಯಿತು, ಒಣ ಸರಪಳಿ ಕಾದು ತುಂಡಾಗಿ ಅವನಿಗೇ ಬಡಿಯಿತು. ಗಂಡ ಮನೆಗೆ ಮರಳಲಿಲ್ಲ. ಅವಳಿಗೆ ಅಲ್ಲೇ ಎಣ್ಣೆ ಹಾಕುವ ಕೆಲಸ ಕೊಟ್ಟು, ಇದೇ ಪರಿಹಾರ ಅಂದರು. ನಾಚಿಕೆ ಎಂಬುದನ್ನು ಯಾವ ಮಿಲ್ಲಿನಲ್ಲೂ ಕೊಯ್ದು ಮಾರುವುದಿಲ್ಲ ನೋಡಿ.

ಅಂದಿನಿಂದ ಅವಳಿಗೆ ಒಣಗಿದ ಸರಪಳಿ ಕಂಡರಾಗದು. ಗರಗಸದ ಎಣ್ಣೆಯನ್ನು ಎರಡು ಬೆರಳ ನಡುವೆ ಎಳೆದು ನೋಡುವಳು. ಜೇನಿನಂತೆ ಎಳೆ ಬಂದರೆ ಓಡುವ ಸರಪಳಿಗೂ ಅಂಟಿಕೊಳ್ಳುತ್ತದೆ. ಓಡುವ ಗರಗಸದ ತುದಿಯನ್ನು ಬಿಳಿ ಹಲಗೆಯತ್ತ ಹಿಡಿಸಿ, ಎಣ್ಣೆಯ ಗೆರೆ ಮೂಡಿದ ಮೇಲೆಯೇ ಕೊಯ್ಯಲು ಬಿಡುವಳು. ಸೈಕಲ್ಲು, ಗೇಟು, ದಿಮ್ಮಿ ಎತ್ತುವ ಚೈನ್ ಪುಲ್ಲಿ, ಯಾವುದನ್ನೂ ಬಿಟ್ಟವಳಲ್ಲ.

“ಅಕ್ಕಾ, ನನ್ನ ಹೆಂಡ್ತಿ ನಾಲಿಗೆಗೂ ಎರಡು ಹನಿ ಬಿಡು” ಎಂದು ಗರಗಸದವನು ರೇಗಿಸಿದರೆ, “ಅವಳ ನಾಲಿಗೆ ಚೆನ್ನಾಗೇ ಇದೆ ಕಣೋ, ನಿನ್ನ ಕಿವಿಗೆ ತುಕ್ಕು ಹಿಡಿದಿದೆ” ಅನ್ನುವಳು.

ಆ ಮಿಲ್ಲಿನ ಪದ್ಧತಿ ಕೇಳಿ. ದಿಮ್ಮಿಯನ್ನು ಪುಲ್ಲಿಯಲ್ಲಿ ಎತ್ತಿ ನಿಲ್ಲಿಸಿ, ಅದರ ಕೆಳಗೆ ಕೂತು ಹೆಂಗಸರು ತೊಗಟೆ ಸುಲಿಯಬೇಕು. ನೆಲದ ಮೇಲೆ ಹೊರಳಿಸಲು ಇನ್ನಿಬ್ಬರು ಆಳು ಬೇಕಲ್ಲ! ಅಲ್ಲಿ ಕೂರುತ್ತಿದ್ದವಳು ಎಣ್ಣೆಯಕ್ಕನ ತಂಗಿ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ, ತಲೆಯೆತ್ತರದಲ್ಲಿದ್ದ ದಿಮ್ಮಿ ಸೊಂಟದೆತ್ತರದಲ್ಲಿತ್ತು. ಯಾರೂ ಸರಪಳಿ ಮುಟ್ಟಿರಲಿಲ್ಲ. ಮತ್ತೆ ಮೇಲೆತ್ತಿ, ಎಲ್ಲರೂ ದೂರ ನಿಂತು ನೋಡಿದರು. ಗಾಳಿಯಿಲ್ಲ. ದಿಮ್ಮಿ ಅಲುಗಿದಂತೆ ಕಾಣಲಿಲ್ಲ. ಆದರೆ ಅದರ ಮೇಲಂಚಿನಲ್ಲಿ, ಅಲ್ಲಿಯವರೆಗೆ ಮರೆಯಾಗಿದ್ದ ಹಿಂದಿನ ಗೋಡೆಯ ಇಟ್ಟಿಗೆ ಸಾಲೊಂದು ಮೆಲ್ಲಗೆ ತಲೆಯೆತ್ತಿತು. ಆಮೇಲೆ ಇನ್ನೊಂದು. ಕಿರ್ ಎಂಬ ಸದ್ದೂ ಇಲ್ಲ.

“ಭಾವನೇ ಕಣೇ ಅಕ್ಕಾ, ಇಳಿಸ್ತಾ ಇದಾರೆ.” ತಂಗಿ ಅಕ್ಕನ ಸೆರಗು ಹಿಡಿದುಕೊಂಡಳು.

“ಸತ್ತೋನು ಸ್ವಂತ ನಾದಿನಿಗೆ ಏನೂ ಮಾಡಲ್ಲ. ಕೂತ್ಕೊಳ್ಳಿ, ಲಾರಿ ಬರೋ ಹೊತ್ತಾಯ್ತು” ಎಂದ ಧಣಿ.

ಎಣ್ಣೆಯಕ್ಕ ಏಣಿ ಹತ್ತಿದಳು. ಪುಲ್ಲಿಯ ಬ್ರೇಕಿನ ಬಿಲ್ಲೆಗಳು ಒಣಗಿದ್ದರೆ ಮಾತ್ರ ಒಂದನ್ನೊಂದು ಕಚ್ಚಿ ಭಾರ ಹಿಡಿಯುತ್ತವೆ. ಅಲ್ಲಿಗೆ ಸೋಕಿದ ಬೆರಳಿನಿಂದ ಜೇನಿನಂಥ ಎಳೆ ಇಳಿಯಿತು. ಕೆಳಗಿಳಿದು ಆ ಬೆರಳನ್ನು ಧಣಿಯ ಮುಂದೆ ಹಿಡಿದಳು.

“ಅವರಲ್ಲ, ನಾನು. ಬ್ರೇಕಿಗೂ ಎಣ್ಣೆ ಬಿಟ್ಟಿದೀನಿ. ಪುಲ್ಲಿ ಬಿಚ್ಚಿಸಿ.”

“ನಿನ್ನ ತಪ್ಪು ಅಂದ್ರೆ ನಾಳೆಯಿಂದ ಬರ್ಬೇಡ. ದೆವ್ವ ಅಂದ್ರೆ ಕೆಲಸ ಉಳಿಯುತ್ತೆ. ನೋಡ್ಕೋ.”

ಅವಳು ತಂಗಿಯನ್ನು ಆಚೆ ತಳ್ಳಿ ತಾನೇ ದಿಮ್ಮಿಯ ಕೆಳಗೆ ನೆಟ್ಟಗೆ ಕೂತಳು. “ಬಿಚ್ಚಿಸೋ ತನಕ ಏಳಲ್ಲ.”

ದಿಮ್ಮಿ ಅವಳ ಕೂದಲಿಗೆ ತಾಗಿತು. ಅವಳು ತಲೆ ಬಾಗಿಸಲಿಲ್ಲ. ಧಣಿ ಲಾರಿ ಬರುವ ದಾರಿಯತ್ತ ತಿರುಗಿ ನಿಂತ. ಕೊನೆಗೆ ಗರಗಸದವನೇ “ಬನ್ರೋ!” ಎಂದು ಕೂಗಿದ. ಎಲ್ಲರೂ ಮರದ ತುಂಡುಗಳನ್ನು ಒಟ್ಟಿ ದಿಮ್ಮಿಗೆ ಆಸರೆ ಕೊಟ್ಟರು. ಪುಲ್ಲಿ ಬಿಚ್ಚಿದರು.

ಅವಳ ಕೆಲಸ ಹೋಯಿತು. ತೊಗಟೆಯನ್ನು ಈಗ ನೆಲದ ಮೇಲೆಯೇ ಸುಲಿಯುತ್ತಾರೆ. ಆಳುಗಳು ಬೇರೆ ರೀತಿ ಒಪ್ಪುವುದಿಲ್ಲ. ನಾನು ಹೋದಾಗ ಮೇಲೆ ಖಾಲಿ ಕೊಕ್ಕೆ ತೂಗುತ್ತಿತ್ತು. ಧಣಿ ಅದರ ಕೆಳಗೆ ಹಾಯದೆ ಗೋಡೆಗೆ ಒತ್ತಿಕೊಂಡು ದಾಟಿದ.