ಸುಗಟೂರಿನ ಎರಡನೇ ಮಿಷನ್ನು

ಸುಗಟೂರಿನ ಭಾರತಮ್ಮನ ಎಡಗೈಯಲ್ಲಿ ಗಾಜಿನ ಬಳೆಗಿಂತ ರಬ್ಬರ್ ಬ್ಯಾಂಡುಗಳೇ ಹೆಚ್ಚು. ನಾಲ್ಕು ವರ್ಷದಿಂದ ಆಕೆ ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಬಂದು, ಸೂಪರ್ ಮಾರ್ಕೆಟ್ಟಿನ ಹಿಂಬಾಗಿಲಲ್ಲಿ ಕೂತು, ಅವರು ಎಸೆಯುವ ಕೋಸಿನ ಎಲೆ, ಬಾಡಿದ ಸೊಪ್ಪನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಸೊಪ್ಪಿನ ಒಂದೊಂದು ಕಟ್ಟಿನ ರಬ್ಬರ್ ಬ್ಯಾಂಡನ್ನೂ ಬಿಚ್ಚಿ ಕೈಗೇರಿಸುವುದು ಅಭ್ಯಾಸ. ಮನೆಯ ಹಸು ಗೌರಿ ನುಂಗಿಬಿಟ್ಟರೆ ಗತಿಯೇನು? ಸೊಪ್ಪಿಗೆ ಬದಲಾಗಿ ಅಂಗಡಿಯವರ ಟೀಗೆ ಗೌರಿಯ ಹಾಲು ಬರುತ್ತಿತ್ತು.

ಅಷ್ಟರಲ್ಲಿ ಕಂಪನಿಗೆ ಪರಿಸರದ ಮೇಲೆ ಪ್ರೀತಿ ಉಕ್ಕಿತು. ಗೊಬ್ಬರ ಮಾಡುವ ಮಿಷನ್ನು ಲಾರಿಯಲ್ಲಿ ಬಂತು. ಅಂದಿನಿಂದ ಎಲೆಸೊಪ್ಪೆಲ್ಲ ಅದರ ಬಾಯಿಗೇ.

"ಮೇಲಿಂದ ಆರ್ಡರ್ ಬಂದೈತೆ ಭಾರತಮ್ಮಾ, ನಾನೇನ್ ಮಾಡ್ಲಿ?" ಎಂದ ಮ್ಯಾನೇಜರ್ ಶ್ರೀಧರ್.

"ನಿಮ್ ಮಿಷನ್ನು ಹಾಲು ಕೊಡ್ತೈತೇನಪ್ಪಾ?"

ಗೌರಿ ಒಣಹುಲ್ಲಿಗೆ ಮೂಗು ಮುರಿದಳು. ಹದಿನೈದೇ ದಿನದಲ್ಲಿ ಹಾಲು ಅರ್ಧಕ್ಕಿಳಿಯಿತು. ಭಾರತಮ್ಮನಿಗೆ ಹೊಟ್ಟೆ ಉರಿಯಿತು, ಆದರೆ ಜಗಳಕ್ಕೆ ಹೋಗಲಿಲ್ಲ. "ಸೊಪ್ಪಿನ ಕಟ್ಟು ಬಿಚ್ಚಿ ಹಾಕ್ತೀರೋ ಇಲ್ವೋ?" ಎಂದಷ್ಟೇ ಕೇಳಿದಳು.

"ಅದೆಲ್ಲ ಮಿಷನ್ನೇ ನೋಡ್ಕೊಂತೈತೆ."

ಆಕೆ ಕೈಯ ರಬ್ಬರ್ ಬ್ಯಾಂಡನ್ನು ಎಳೆದು ಪಟ್ಟೆಂದು ಬಿಟ್ಟು, ನಗುತ್ತ ಬಸ್ಸು ಹತ್ತಿದಳು.

ಹೆಡ್ ಆಫೀಸಿನ ತ್ರಿವೇಣಿ ಮೇಡಂ ಫೋಟೊದವರ ಸಮೇತ ಬರುವ ದಿನವೇ ಮಿಷನ್ನು ಗುಟುರು ಹಾಕಿ ನಿಂತಿತು. ಒಳಗೆ ಕೈ ಹಾಕಿದರೆ ಚೆಂಡಿನಷ್ಟು ದೊಡ್ಡ ರಬ್ಬರಿನ ಉಂಡೆ. ಗೊಬ್ಬರವಿಲ್ಲ, ನಾತ ಮಾತ್ರ. ಶ್ರೀಧರ್ ಬೆವರೊರೆಸಿಕೊಂಡು, ಮೇಡಂಗೆ ತೋರಿಸಲು ಒಂದು ಚೀಲ ಗೊಬ್ಬರ ತಾ ಎಂದು ಸುಗಟೂರಿಗೆ ಫೋನ್ ಮಾಡಿದ.

ಭಾರತಮ್ಮ ಬಂದಳು. ಹಾಲಿನ ಕ್ಯಾನನ್ನು ಟೀ ಕಾಯಿಸುವವರಿಗೆ ಕೊಟ್ಟು, ಮೇಡಂ ಟೀ ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ಅವರ ಮುಂದೆ ತನ್ನ ತಿಪ್ಪೆಯ ಕಪ್ಪು ಗೊಬ್ಬರ ಸುರಿದಳು. ತ್ರಿವೇಣಿ ಮುಷ್ಟಿಯಲ್ಲಿ ಹಿಡಿದು ಮೂಸಿ, "ವಾಸನೆನೇ ಇಲ್ವಲ್ಲ. ಯಾವ ಮಿಷನ್ನಿಂದು?" ಎಂದರು.

ಶ್ರೀಧರ್ ಕೆಟ್ಟ ಮಿಷನ್ನಿಗೆ ಅಡ್ಡವಾಗಿ ಸರಿದು ನಿಂತ.

"ನಮ್ದು ಬೇರೆ ಮಿಷನ್ನು ಮೇಡಂ," ಎಂದಳು ಭಾರತಮ್ಮ. "ನಾಲ್ಕು ಕಾಲೈತೆ, ಕರೆಂಟ್ ಬೇಡ. ನಿಮ್ ಅಂಗಡಿ ಕೋಸು ತಿಂದು ಹಾಕಿದ್ದೇ ಇದು. ಈಗ ಟೀ ಕುಡಿದ್ರಲ್ಲ, ಆ ಹಾಲೂ ಅದ್ರದ್ದೇ."

ತ್ರಿವೇಣಿ ಖಾಲಿ ಲೋಟವನ್ನೊಮ್ಮೆ, ಕೈಲಿದ್ದ ಗೊಬ್ಬರವನ್ನೊಮ್ಮೆ ನೋಡಿ, ನಗು ತಡೆಯಲಾಗದೆ ಕುರ್ಚಿಯಲ್ಲಿ ಕುಸಿದರು.

ಮರುದಿನದಿಂದ ಚೀಲ ಮತ್ತೆ ತುಂಬಿತು. ರಬ್ಬರ್ ಬ್ಯಾಂಡ್ ಬಿಚ್ಚುವ ಕೆಲಸವನ್ನು ಮಾತ್ರ ಭಾರತಮ್ಮ ಶ್ರೀಧರನಿಗೇ ಬಿಟ್ಟಳು. ಆ ವರ್ಷದ ಕಂಪನಿ ವರದಿಯಲ್ಲಿ ಕೋಲಾರದ ಸಾಲು ಹೀಗಿತ್ತು: ಗೊಬ್ಬರದ ಯಂತ್ರಗಳು ಎರಡು. ಒಂದು ರಿಪೇರಿಯಲ್ಲಿದೆ, ಸುಗಟೂರಿನದು ಎಂಟು ತಿಂಗಳ ಗಬ್ಬ.